ಹಾಫ್-ಲೈಫ್ 2: ಮೊದಲನೇದಕ್ಕಿಂತ ನಿಜವಾಗ್ಲೂ ಚೆನ್ನಾಗಿದೆಯಾ?

ಪ್ರಶ್ನೆ: 1998ರ ಹಾಫ್-ಲೈಫ್ ವಿಡಿಯೋ ಗೇಮ್ ಈಗಷ್ಟೇ ಮುಗಿಸಿದೆ. ಕೊನೆಯಲ್ಲಿ ಬರೋ ಜೆನ್ ಅನ್ನೋ ಅನ್ಯಲೋಕದ ಭಾಗದಲ್ಲಿ ಜಿಗಿದೂ ಜಿಗಿದೂ ಸಾಕಾಯ್ತು, ಉಳಿದದ್ದೆಲ್ಲ ಸೂಪರ್. 2004ರ ಎರಡನೇದು ಹೇಗಿದೆ?

ಉತ್ತರ 1: ಕಣ್ಣು ಮುಚ್ಚಿ ಆಡಿ. ಶುರುವಿನಲ್ಲೇ ರೈಲ್ವೆ ಸ್ಟೇಷನ್‌ನಲ್ಲಿ ಒಬ್ಬ ಪೊಲೀಸ್ ಬೇಕಂತಲೇ ಖಾಲಿ ಡಬ್ಬ ಬೀಳಿಸಿ, ಎತ್ತಿ ಕಸದ ಬುಟ್ಟಿಗೆ ಹಾಕು ಅಂತಾನೆ. ಹಾಕಿದರೆ ನಕ್ಕು ದಾರಿ ಬಿಡ್ತಾನೆ, ಅವನ ಮುಖಕ್ಕೇ ಎಸೆದರೆ ಲಾಠಿ ಹಿಡಿದು ಅಟ್ಟಿಸಿಕೊಂಡು ಬರ್ತಾನೆ. (ನಾನು ಎಸೆದೆ.) ಆ ಊರಲ್ಲಿ ಜನ ಹೇಗೆ ಬದುಕ್ತಿದ್ದಾರೆ ಅನ್ನೋದು ಅಷ್ಟರಲ್ಲೇ ಗೊತ್ತಾಗುತ್ತೆ. ಆಮೇಲೆ ವಸ್ತುಗಳನ್ನ ಸೆಳೆದು ಎತ್ತಿ ಎಸೆಯೋ ಗ್ರಾವಿಟಿ ಗನ್ ಸಿಗುತ್ತೆ. ಜೋಂಬಿಗಳು ತುಂಬಿರೋ ರೇವನ್‌ಹೋಮ್ ಊರಲ್ಲಿ ಗುಂಡು ಉಳಿಸಿ, ಆ ಗನ್‌ನಿಂದ ಗರಗಸದ ಚಕ್ರ ಎತ್ತಿ ಜೋಂಬಿಗಳ ಮೇಲೆ ಬಿಡಿ.

ಉತ್ತರ 2: ಒಪ್ಪಿದೆ, ಆದರೆ ಗುಂಡಿನ ಕಾಳಗದಲ್ಲಿ ನನಗೆ ಹಳೇದೇ ಇಷ್ಟ. ಅಲ್ಲಿ ಅವಿತು ಕೂತರೆ ಸೈನಿಕರು ಗ್ರೆನೇಡ್ ಎಸೆದು ಹೊರಗೆ ಓಡಿಸ್ತಿದ್ದರು, ಅಲ್ವಾ? ಎರಡನೇದರ ಶತ್ರುಗಳು ಅಷ್ಟು ಚುರುಕು ಅನಿಸಲಿಲ್ಲ. ದೋಣಿ ಓಡಿಸೋದೂ ಸ್ವಲ್ಪ ಜಾಸ್ತಿ ಆಯ್ತು.

ಪ್ರಶ್ನೆ ಕೇಳಿದವರು: ಡೌನ್‌ಲೋಡ್‌ಗೆ ಹಾಕಿದೆ. ಡಬ್ಬ ನಾನೂ ಎಸೀತೀನಿ.