ಪದಚರ್ಚೆ: ‘ಜೊಂಬಿ’ಗೆ ‘ಬೇತಾಳ’ ಒಗ್ಗುತ್ತದೆಯೇ?

ಮಾನ್ಯರೇ,

ಚಿತ್ರವಿಚಿತ್ರ ಪ್ರಾಣಿಗಳೂ ಜೊಂಬಿಗಳೂ (ಸತ್ತ ಮೇಲೂ ಎದ್ದು ನಡೆದಾಡುವ ಹೆಣಗಳು) ಕೂಡಿ ಸಾಹಸಕ್ಕೆ ಹೊರಡುವ, ಪುಟಕ್ಕೊಂದು ಚಿತ್ರವಿರುವ ನಗೆಪುಸ್ತಕವೊಂದನ್ನು ಎಂಟು-ಹತ್ತು ವರ್ಷದ ಮಕ್ಕಳಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಜೊಂಬಿ’ ಎಂಬ ಪದವನ್ನು ಹಾಗೆಯೇ ಉಳಿಸಬೇಕೋ ಬದಲಿಸಬೇಕೋ ಎಂಬುದು ನನ್ನ ಪ್ರಶ್ನೆ. ಕರಡನ್ನು ಓದಿದ ಸ್ನೇಹಿತರೊಬ್ಬರು, ‘ನಮ್ಮ ಬೇತಾಳ ಇರುವಾಗ ಈ ಪದವೇಕೆ’ ಎಂದು ಆಕ್ಷೇಪಿಸಿದರು. ಎರಡು ಕಡೆಯೂ ಹೆಣ ಅಲುಗಾಡುವುದರಿಂದ ಮೇಲುನೋಟಕ್ಕೆ ಅವರ ಮಾತು ಸರಿಯೆನಿಸುತ್ತದೆ.

ಆದರೆ ಬೇತಾಳ ಪಂಚವಿಂಶತಿಯ 25 ಕಥೆಗಳನ್ನು ನೆನೆದರೆ ಹೋಲಿಕೆ ಅಲ್ಲಿಗೇ ಮುಗಿಯುತ್ತದೆ. ಹೆಣದೊಳಗೆ ಹೊಕ್ಕು ರಾಜನ ಹೆಗಲೇರಿ, ಕಥೆ ಹೇಳಿ, ಧರ್ಮಸೂಕ್ಷ್ಮದ ಪ್ರಶ್ನೆ ಹಾಕಿ, ರಾಜನು ಬಾಯಿ ಬಿಟ್ಟೊಡನೆ ಮರಳಿ ಮರಕ್ಕೆ ಹಾರುವ ಬೇತಾಳನು ಮಹಾ ಚತುರ. ಅವನಿಗೆ ಬುದ್ಧಿ ಸ್ವಂತದ್ದು, ದೇಹ ಮಾತ್ರ ಎರವಲು. ಜೊಂಬಿಯದು ಇದಕ್ಕೆ ತದ್ವಿರುದ್ಧ: ದೇಹವೇನೋ ಅದರದೇ, ಬುದ್ಧಿ ನಾಪತ್ತೆ. ನನ್ನ ಪುಸ್ತಕದ ಜೊಂಬಿ ಬಾಗಿಲನ್ನು ಎಳೆಯಬೇಕೋ ತಳ್ಳಬೇಕೋ ತಿಳಿಯದೆ ಮೂರು ಪುಟಗಳವರೆಗೆ ಅಲ್ಲೇ ನಿಲ್ಲುತ್ತದೆ. ಅದನ್ನು ಬೇತಾಳವೆಂದು ಕರೆದರೆ ಬೇತಾಳನಿಗೇ ಅವಮಾನ.

ಪದದ ಹಿನ್ನೆಲೆಯೂ ಇದನ್ನೇ ಹೇಳುತ್ತದೆ. ಆಫ್ರಿಕಾದ ಮೂಲದಿಂದ ಬಂದು ಹೈಟಿಯಲ್ಲಿ ನೆಲೆಯೂರಿದ ಈ ಪದಕ್ಕೆ, ಮಂತ್ರವಾದಿಯು ಎಬ್ಬಿಸಿ ಗುಲಾಮನಂತೆ ದುಡಿಸಿಕೊಳ್ಳುವ, ತನ್ನದೆಂಬ ಇಚ್ಛೆಯೇ ಇಲ್ಲದ ಶವವೆಂಬುದು ಅಲ್ಲಿನ ಜನಪದ ನಂಬಿಕೆಯ ಅರ್ಥ. ಮನುಷ್ಯರನ್ನು ತಿನ್ನುವ ಗುಣ ಅದಕ್ಕೆ ಅಂಟಿಕೊಂಡದ್ದು 1968ರಲ್ಲಿ ತೆರೆಕಂಡ ಅಮೆರಿಕದ ಚಲನಚಿತ್ರವೊಂದರಿಂದ. ತಮಾಷೆಯೆಂದರೆ ಆ ಚಿತ್ರದ ಸಂಭಾಷಣೆಯಲ್ಲಿ ಈ ಪದವೇ ಇಲ್ಲ.

ಹಾಗಾದರೆ ‘ನಡೆಹೆಣ’ ಎನ್ನಬಹುದೇ? ‘ಸುಡುಗಾಡು’, ‘ಕಡೆಗೋಲು’ಗಳಂತೆ ಧಾತುವಿಗೆ ನಾಮಪದ ಸೇರಿಸಿದ ಈ ರಚನೆ ಸಹಜವಾಗಿಯೇ ಇದೆ. (ಹಳಗನ್ನಡದ ‘ಪೆಣ’ವನ್ನು ಹಿಡಿದು, ‘ಬೆಮರ್’ಗೆ ‘ಪನಿ’ ಸೇರಿ ‘ಬೆಮರ್ವನಿ’, ಅಂದರೆ ಬೆವರಹನಿ, ಆದ ಜಾಡಿನಲ್ಲಿ ‘ನಡೆವೆಣ’ವೆಂದೂ ಮಾಡಬಹುದಿತ್ತು, ಆದರೆ ಅದನ್ನು ಮಕ್ಕಳಿಗೆ ಓದಿ ಹೇಳುವವರು ವ್ಯಾಕರಣವನ್ನೂ ಜೊತೆಗೆ ಹೇಳಬೇಕಾದೀತು.) ತೊಡಕಿರುವುದು ‘ಹೆಣ’ದಲ್ಲಿ. ಅದು ಬೈಗುಳಕ್ಕೂ ಸೂತಕಕ್ಕೂ ಹತ್ತಿರವಾದ ಪದ. ನಗಿಸಬೇಕಾದ ಕಡೆ ಓದುಗರನ್ನು ಮುದುಡಿಸುತ್ತದೆ. ‘ಪ್ರೇತ’ವು ಶವಕ್ಕೂ ದೆವ್ವಕ್ಕೂ ಸಲ್ಲುವುದರಿಂದ ಗೊಂದಲವನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಪುಸ್ತಕದ ಪ್ರಾಣಿಭಾಗ ಮತ್ತೊಂದು ಅಡ್ಡಿಯನ್ನು ತಂದಿದೆ. ಹಸಿರು ಹೊಳಪಿನ ಒಂದು ಬಗೆಯ ಕಣಜವು ಜಿರಳೆಯ ಮಿದುಳಿಗೆ ಕುಟುಕಿ, ಹಗ್ಗ ಹಿಡಿದು ಹಸುವನ್ನು ನಡೆಸುವಂತೆ ಮೀಸೆ ಹಿಡಿದು ಅದನ್ನು ತನ್ನ ಬಿಲಕ್ಕೆ ಕರೆದೊಯ್ದು ಮೈಮೇಲೆ ಮೊಟ್ಟೆಯಿಡುತ್ತದೆ. ಜಿರಳೆಗೆ ನಡೆಯುವ ಶಕ್ತಿ ಇದೆ, ತಾನಾಗಿ ಹೊರಡುವ ಮನಸ್ಸು ಇರುವುದಿಲ್ಲ. ಒಂದು ಜಾತಿಯ ಶಿಲೀಂಧ್ರ ಹೊಕ್ಕ ಇರುವೆಯೂ ಗಿಡವೇರಿ ಎಲೆಯ ನರವನ್ನು ಕಚ್ಚಿಕೊಂಡು ಅಲ್ಲಿಯೇ ಸಾಯುತ್ತದೆ. ಇವನ್ನೂ ಜನ ಜೊಂಬಿ ಜಿರಳೆ, ಜೊಂಬಿ ಇರುವೆ ಎನ್ನುತ್ತಾರೆ. ನಡೆದಾಡುವಾಗ ಇವು ಇನ್ನೂ ಜೀವಂತವಾಗಿರುವುದರಿಂದ ಇಲ್ಲಿ ‘ನಡೆಹೆಣ’ ಸುಳ್ಳಾಗುತ್ತದೆ.

ಆದ್ದರಿಂದ ‘ಜೊಂಬಿ’ಯನ್ನೇ ಉಳಿಸುವತ್ತ ನನ್ನ ಒಲವು. ‘ಝೋಂಬಿ’ ಎಂಬ ಬರವಣಿಗೆ ನನಗೆ ಒಪ್ಪಿಗೆಯಿಲ್ಲ. ಮೂಲದ ಧ್ವನಿ ಮಹಾಪ್ರಾಣವಲ್ಲ. ಹ್ರಸ್ವ ಒಕಾರಕ್ಕೆ ಇನ್ನೊಂದು ಲಾಭವಿದೆ: ನಿದ್ದೆಯ ಮಂಪರಿಗೆ ನಾವು ಹೇಳುವ ‘ಜೊಂಪು’ ಅದರ ಪಕ್ಕದಲ್ಲೇ ಕುಳಿತಿದೆ. ಎರಡಕ್ಕೂ ಯಾವ ನಂಟೂ ಇಲ್ಲವಾದರೂ, ತೂಕಡಿಸುತ್ತಾ ನಡೆಯುವ ಪಾತ್ರಕ್ಕೆ ‘ಜೊಂಪಯ್ಯ’ ಎಂದು ಹೆಸರಿಟ್ಟಾಗ ಕಿವಿಗೆ ಹಿತವಾಯಿತು.

ನಿಜವಾಗಿ ನನ್ನನ್ನು ಕಾಡುತ್ತಿರುವುದು ಲಿಂಗ. ದೆವ್ವ, ಹೆಣ ಎರಡೂ ನಪುಂಸಕ. ಆದರೆ ಕಥೆಯ ಮೇಷ್ಟರು ಜೊಂಬಿಯಾದ ಮೇಲೆ ‘ಮೇಷ್ಟರು ಬಂದರು’ ಎನ್ನಬೇಕೇ, ‘ಮೇಷ್ಟರು ಬಂತು’ ಎನ್ನಬೇಕೇ? ಕನ್ನಡದಲ್ಲಿ ಕ್ರಿಯಾಪದವೇ ಗುಟ್ಟು ರಟ್ಟು ಮಾಡುವುದರಿಂದ, ಚಿತ್ರದಲ್ಲಿ ಮೇಷ್ಟರ ಮುಖ ಹಸಿರಾಗುವ ಮೊದಲೇ ವಾಕ್ಯದಲ್ಲಿ ಅವರು ‘ಅದು’ ಆಗಿಬಿಟ್ಟರೆ ಮಕ್ಕಳಿಗೆ ಸಿಗುವ ಸುಳಿವು ಬಲು ಸೊಗಸು. ಆದರೆ ಹಿರಿಯರಿಗೆ ಏಕವಚನವೇ ಮುಜುಗರವೆಂದುಕೊಳ್ಳುವ ಮನೆಗಳಲ್ಲಿ ನಪುಂಸಕ ರೂಪ ಹೇಗೆ ಕೇಳಿಸೀತೆಂಬ ಅಳುಕೂ ಇದೆ.

ಪ್ರಾಣಿಗಳ ವಿಷಯದಲ್ಲಿ ಒಂದೇ ಸಣ್ಣ ಪ್ರಶ್ನೆ. ‘ವಿಲಕ್ಷಣ’ದಲ್ಲಿ ತಿರಸ್ಕಾರದ ವಾಸನೆಯಿದೆ; ‘ವಿಚಿತ್ರ’ ಬಳಸಿ ಬಳಸಿ ಸಪ್ಪೆಯಾಗಿದೆ. ‘ಇದೇನು ನಿನ್ನ ಅವತಾರ’ ಎನ್ನುವಾಗಿನ ಅರ್ಥದಲ್ಲಿ ‘ಅವತಾರದ ಪ್ರಾಣಿಗಳು’ ಎಂದರೆ ಮತ್ಸ್ಯ, ಕೂರ್ಮ, ವರಾಹಗಳು ಮೊದಲು ನೆನಪಿಗೆ ಬರುತ್ತವೆಯೇ? ಹಾಗಿದ್ದಲ್ಲಿ ‘ಸೋಜಿಗದ ಪ್ರಾಣಿಗಳು’ ಎಂದೇ ಇಡುತ್ತೇನೆ. ‘ಮೇಷ್ಟರು ಬಂತು’ ಎಂಬಂಥ ಪ್ರಯೋಗವನ್ನು ಮಕ್ಕಳ ಬಾಯಲ್ಲಿ ಅಥವಾ ಹಳೆಯ ದೆವ್ವದ ಕಥೆಗಳಲ್ಲಿ ಕೇಳಿದವರಿದ್ದರೆ, ಆ ವಾಕ್ಯವನ್ನು ಕೇಳಿದಂತೆಯೇ ಬರೆದು ತಿಳಿಸಬೇಕೆಂದು ಕೋರುತ್ತೇನೆ.