ಹಿಮತೊಗರಿ: 4500 ಮೀಟರ್‌ ಮ್ಯಾಲಿನ ಕಲ್ಪಿತ ಗಿಡ, ಎಲ್ಲಿ ತಪ್ಪದ?

ಜೇವರ್ಗಿ ಮಾಸ್ತರ:
ಕಲಬುರಗಿ ವಿಜ್ಞಾನ ವಸ್ತುಪ್ರದರ್ಶನಕ್ಕ 9ನೇ ತರಗತಿ ಮಕ್ಕಳು ಒಂದು ಗಿಡ ಕಲ್ಪಿಸ್ಯಾರ. ಹೆಸರು ಹಿಮತೊಗರಿ, ಊರು ಲಡಾಖ್, 4500 ಮೀಟರ್. 5 ಫೂಟ್ ಎತ್ತರ, ಅಗಲ ಎಲಿ, ಬಿತ್ತಿದ ವರ್ಷಾನೇ ಕಾಯಿ. ರಸದಾಗ ಸಕ್ಕರಿ ಇರೋದಕ್ಕ ಹೆಪ್ಪುಗಟ್ಟಂಗಿಲ್ಲ ಅಂತಾರ. ತೀರ್ಪುಗಾರರು ಎಲ್ಲಿ ಹಿಡೀತಾರ, ಹೇಳ್ರಿ.

ಕರಿಮಣ್ಣು:
ಸರ, ಮೊದಲ ಗಿಡ ಗಿಡ್ಡ ಮಾಡ್ರಿ. ಕಲಬುರಗಿ ಸುಮಾರು 450 ಮೀಟರ್‌ನಾಗ ಅದ. ಸಾವಿರ ಮೀಟರ್ ಏರಿದ್ರ ಸರಾಸರಿ 6.5 ಡಿಗ್ರಿ ಇಳೀತದ. ಎತ್ತರದ ಲೆಕ್ಕಕ್ಕೇ 26 ಡಿಗ್ರಿ ಹೆಚ್ಚಿನ ಥಂಡಿ, ಮ್ಯಾಲ ಗಾಳಿ ಬ್ಯಾರೆ. ನೆಲಕ್ಕ ಅಂಟಿ ದಿಂಬಿನಂಗ ಕೂತ ಗಿಡದಾಗ ಗಾಳಿ ಆಡಂಗಿಲ್ಲ, ಬಿಸಿಲಿನ ಕಾವು ಉಳೀತದ. ಎತ್ತರ 10 ಸೆಂ.ಮೀ. ಸಾಕು. ಎಲಿ ಸಣ್ಣವು, ಮ್ಯಾಲ ಬಿಳಿ ತುಪ್ಪಳ.

ಒಂದೇ ವರ್ಷದ ಬೆಳಿನೂ ನಡಿಯಂಗಿಲ್ಲ. ನಮ್ಮ ತೊಗರಿ ಜೂನ್-ಜುಲೈದಾಗ ಬಿತ್ತಿದ್ರ ರಾಶಿ ಡಿಸೆಂಬರ್-ಜನವರಿಗೆ. ಅಲ್ಲಿ ಬೆಳಿಯೋ ಕಾಲ ಎರಡ್ಮೂರು ತಿಂಗಳಷ್ಟ. ಬಹುವಾರ್ಷಿಕ ಮಾಡಿ, ದಪ್ಪ ತಾಯಿಬೇರು ಕೊಡ್ರಿ. ಹೂಮೊಗ್ಗು ಹಿಂದಿನ ವರ್ಷಾನೇ ಕಟ್ಟಿರಲಿ. ದ್ವಿದಳ ಅನ್ನೋದು ಮಾತ್ರ ತಪ್ಪಲ್ಲ, ಆಕ್ಸಿಟ್ರೋಪಿಸ್, ಅಸ್ಟ್ರಾಗಲಸ್ ಲಡಾಖ್‌ನಾಗ ಅವ.

ಬೆಣ್ಣೆತೊರಾ ದಂಡಿ:
ಸಕ್ಕರಿ ಮಾತಿಗೇ ಸಿಕ್ಕಿಬೀಳ್ತಾರ ನೋಡ್ರಿ. ಲೀಟರ್ ನೀರಿಗೆ 340 ಗ್ರಾಂ ಸಕ್ಕರಿ ಹಾಕಿದ್ರ ಹೆಪ್ಪುಗಟ್ಟೋ ಬಿಂದು ಇಳಿಯೋದು ಸುಮಾರು 2 ಡಿಗ್ರಿ. ಖರೇ ಉಪಾಯ ಏನಂದ್ರ, ಮಂಜುಗಡ್ಡಿ ಜೀವಕೋಶದ ಹೊರಗಿನ ಸಂದಿನಾಗ ಕಟ್ಟಿ ಒಳಗಿನ ನೀರು ಎಳಕೋತದ. ಒಳಗ ಹರಳು ಮೂಡಂಗಿಲ್ಲ. ನೀರು ಕಳಕೊಂಡ ಕೋಶದ ಪೊರೆ ಹರಿಯದಂಗ ಸಕ್ಕರಿ, ಪ್ರೋಲಿನ್ ಅನ್ನೋ ಅಮೈನೋ ಆಮ್ಲ ಕಾಯ್ತಾವ. ಈ ತಯಾರಿಗೆ ಥಂಡಿ ನಿಧಾನ ಏರಬೇಕು. ಬ್ಯಾಸಗಿ ನಡುವ ಒಮ್ಮೆಲೆ ಹಿಮ ಬಿದ್ರ ಅದೇ ಗಿಡ ಸಾಯಬಹುದು.

ಹೂವಿಗೆ ರಿಯುಮ್ ನೋಬಿಲೆ ಅನ್ನೋ ಹಿಮಾಲಯದ ಗಿಡದ ಮಾದರಿ ತಗೋರಿ. ಸಿಕ್ಕಿಂ ಕಡೆ 4000 ಮೀಟರ್ ಮ್ಯಾಲ ಬೆಳೀತದ; ಅರೆಪಾರದರ್ಶಕ ಎಲಿ ಹೂಗೊಂಚಲು ಮುಚ್ಚಿ ಕಾವು ಹಿಡೀತಾವ, ಅತಿನೇರಳೆ ಕಿರಣ ತಡೀತಾವ. ಅಂಥ ಮುಚ್ಚಳ ಬಟರ್ ಪೇಪರ್‌ದು ಮಾಡಿ, ಬುಡಕ್ಕ ಸಂದು ಬಿಡದಂಗ ಟೇಪ್ ಹಚ್ರಿ. ಒಳಗೊಂದು, ಹೊರಗೊಂದು ಥರ್ಮಾಮೀಟರ್. 30 ಸೆಂ.ಮೀ. ದೂರಕ್ಕ 60 ವಾಟ್‌ನ ಹಳೀ ತಂತಿ ಬಲ್ಬ್. ಎಲ್‌ಇಡಿಗೆ ಅಷ್ಟು ಕಾವಿಲ್ಲ. ಎರಡೂ ಥರ್ಮಾಮೀಟರ್ ಬುರುಡಿಗೆ ರಟ್ಟಿನ ನೆರಳಿರಲಿ, ಇಲ್ಲಾಂದ್ರ ಗಾಳಿದಲ್ಲ, ಬುರುಡಿದೇ ಕಾವು ತೋರಸ್ತದ.

ಜೇವರ್ಗಿ ಮಾಸ್ತರ:
ಪಕ್ಕಕ್ಕ ಬ್ರಹ್ಮಕಮಲದ ಕುಂಡ ಇಡಬಹುದಾ?

ಕರಿಮಣ್ಣು:
ಬ್ಯಾಡ್ರಿ. ನಮ್ಮ ಅಂಗಳದಾಗ ರಾತ್ರಿ ಅರಳೋದು ಅಮೆರಿಕ ಖಂಡದ ಕಳ್ಳಿ, ಹಿಮ ತಾಳಂಗಿಲ್ಲ. ಹಿಮಾಲಯದ್ದು ಸಾಸೂರಿಯಾ, ಸೂರ್ಯಕಾಂತಿ ಕುಟುಂಬದ್ದು. ಅದರ ಚಿತ್ರ ಹಚ್ರಿ, ಸಾಕು.