ಎರಡು ಪೆಟ್ಟಿಗೆ ತುಂಬ ಕಾಮನ್ ಕಾರ್ಡುಗಳು: ಒಂದೊಂದಾಗಿ ನೋಡಲಾ, ಸಾರಾಸಗಟಾಗಿ ಕೊಟ್ಟುಬಿಡಲಾ?

ನಿಧಾನಿ ಕೇಳಿದ್ದು:

ಅಣ್ಣ ಆಟ ಬಿಟ್ಟ. ತನ್ನ ಮ್ಯಾಜಿಕ್: ದ ಗ್ಯಾದರಿಂಗ್ ಕಾರ್ಡುಗಳಲ್ಲಿ ಬೆಲೆ ಬರುವುದನ್ನೆಲ್ಲ ಮಾರಿ, ಉಳಿದದ್ದನ್ನು ನನ್ನ ತಲೆಗೆ ಕಟ್ಟಿದ್ದಾನೆ. ಎರಡು ಉದ್ದನೆಯ ಪೆಟ್ಟಿಗೆ. "ಎಲ್ಲಾ ಕಾಮನ್ನೇ, ಚಿಹ್ನೆ ಕಪ್ಪಗಿದೆ ನೋಡು" ಎನ್ನುತ್ತಾನೆ. (ಕಾಮನ್ ಅಂದರೆ ಹೇರಳವಾಗಿ ಸಿಗುವ ಕಾರ್ಡು. ಚಿಹ್ನೆ ಅಂದರೆ ಕಾರ್ಡು ಯಾವ ಸೆಟ್ಟಿನದು, ಅಂದರೆ ಒಟ್ಟಿಗೆ ಬಿಡುಗಡೆಯಾದ ಯಾವ ಗುಂಪಿನದು ಅಂತ ತೋರಿಸುವ ಗುರುತು.) ಕೆಲವಕ್ಕೆ ಚಿಹ್ನೆಯೇ ಇಲ್ಲ. ಒಬ್ಬರು ಸಾವಿರ ಕಾರ್ಡಿಗೆ ಇಷ್ಟು ಅಂತ ಲೆಕ್ಕ ಹಾಕಿ ಪೂರ್ತಿ ತೆಗೆದುಕೊಳ್ಳುತ್ತೇನೆ ಅಂದಿದ್ದಾರೆ. ಕೊಟ್ಟುಬಿಡಲಾ? ಅಥವಾ ಕೂತು ನೋಡಿದರೆ ಏನಾದರೂ ಸಿಗುತ್ತದಾ? ನಾನು ಆಡುವುದು ಅಪರೂಪ. ಚಿತ್ರಗಳು ಮಾತ್ರ ತುಂಬಾ ಇಷ್ಟ.

ಹಳೇಕಟ್ಟು:

ಸದ್ಯಕ್ಕೆ ಕೊಡಬೇಡಿ. ಕಪ್ಪು ಚಿಹ್ನೆ ಇದ್ದರೆ ಕಾಮನ್ ಅನ್ನುವ ಲೆಕ್ಕ 1998ರಿಂದ ಈಚೆಗಷ್ಟೇ ನಡೆಯುತ್ತದೆ. ಆ ವರ್ಷ ಬಂದ ಎಕ್ಸೋಡಸ್ ಸೆಟ್ಟಿನಿಂದ ಕಾಮನ್‌ಗೆ ಕಪ್ಪು, ಅದಕ್ಕಿಂತ ಕಮ್ಮಿ ಸಿಗುವ ಅನ್‌ಕಾಮನ್‌ಗೆ ಬೆಳ್ಳಿ, ಇನ್ನೂ ಅಪರೂಪದ ರೇರ್‌ಗೆ ಚಿನ್ನದ ಬಣ್ಣ ಬಂತು. ಅದಕ್ಕೂ ಮುಂಚೆ ರೇರ್ ಕಾರ್ಡಿನ ಚಿಹ್ನೆಯೂ ಕಪ್ಪೇ! ಚಿಹ್ನೆಯೇ ಇಲ್ಲದವು 1993ರಿಂದ 1997ರವರೆಗಿನ ಮೂಲ ಸೆಟ್ಟುಗಳವು. ಅವುಗಳಲ್ಲಿ ಯಾವುದು ರೇರ್ ಅಂತ ಕಾರ್ಡು ನೋಡಿ ಹೇಳುವ ಹಾಗೇ ಇಲ್ಲ, ಹೆಸರು ಹಾಕಿ ಹುಡುಕಬೇಕು.

ಹಾಗಾಗಿ ಮೊದಲ ಸುತ್ತಿನಲ್ಲಿ ಹೆಸರು ಓದಲೇ ಬೇಡಿ. ಕಾರ್ಡಿನ ಕೆಳ ಅಂಚು ಮಾತ್ರ ನೋಡಿ. 45/143 ಥರ ಕ್ರಮಸಂಖ್ಯೆ ಇಲ್ಲದವನ್ನೆಲ್ಲ ಬೇರೆ ಎತ್ತಿಡಿ. ಆ ಸಂಖ್ಯೆ ಹಾಕಲು ಶುರು ಮಾಡಿದ್ದೂ ಎಕ್ಸೋಡಸ್‌ನಲ್ಲೇ. ಕೈ ಒಮ್ಮೆ ಪಳಗಿದರೆ ಪೆಟ್ಟಿಗೆ ಬೇಗ ಮುಗಿಯುತ್ತದೆ.

ಇನ್ನು ನಿಜವಾದ ಕಾಮನ್‌ಗಳ ಬೆಲೆ. ಇಲ್ಲಿ ಚಿಹ್ನೆಯ ಬಣ್ಣಕ್ಕಿಂತ ಎರಡು ಪ್ರಶ್ನೆ ಮುಖ್ಯ: ಈಗ ಅದು ಯಾರಿಗೆ ಬೇಕು, ಮತ್ತು ಆಮೇಲೆ ಎಷ್ಟು ಸಲ ಅಚ್ಚಾಗಿದೆ. ರಿಸ್ಟಿಕ್ ಸ್ಟಡಿ ತಗೊಳ್ಳಿ. 2000ದ ಪ್ರಾಫೆಸಿ ಸೆಟ್ಟಿನಲ್ಲಿ ಅದು ಕಾಮನ್. ಎದುರಾಳಿ ಏನೇ ಆಡಿದರೂ ಒಂದು ಮಾನಾ (ಕಾರ್ಡು ಆಡಲು ತೆರುವ ಶಕ್ತಿ) ಜಾಸ್ತಿ ಕೊಡಬೇಕು, ಇಲ್ಲದಿದ್ದರೆ ನಿಮಗೊಂದು ಕಾರ್ಡು. ಇಬ್ಬರೇ ಆಡುವಾಗ ಇದು ಅಂಥ ದೊಡ್ಡ ವಿಷಯವಲ್ಲ. ಆದರೆ ಕಮಾಂಡರ್ ಅನ್ನುವ ಬಗೆಯ ಆಟದಲ್ಲಿ ಸಾಮಾನ್ಯವಾಗಿ ನಾಲ್ಕು ಜನ ಕೂರುತ್ತಾರೆ. ಮೂವರು ಎದುರಾಳಿಗಳು, ಪ್ರತಿ ಸಲವೂ ಅದೇ ರಗಳೆ. ಕಾರ್ಡಿನ ಮೇಲೆ ಒಂದಕ್ಷರ ಬದಲಾಗಲಿಲ್ಲ, ಆಡುವ ರೀತಿ ಬದಲಾಯಿತು, ಬೆಲೆ ಏರಿತು. 1995ರ ಐಸ್ ಏಜ್‌ನ ಮಿಸ್ಟಿಕ್ ರೆಮೋರಾ, 1997ರ ಟೆಂಪೆಸ್ಟ್‌ನ ಲೋಟಸ್ ಪೆಟಲ್ ಕೂಡ ಆಗ ಕಾಮನ್‌ಗಳೇ.

ಲೈಟ್ನಿಂಗ್ ಬೋಲ್ಟ್ ಇದಕ್ಕೆ ಉಲ್ಟಾ. ಎಲ್ಲರಿಗೂ ಬೇಕು, ಆದರೆ 1993ರಿಂದ ಅದೆಷ್ಟು ಸಲ ಅಚ್ಚಾಗಿದೆ ಅಂದರೆ ಮಾಮೂಲಿ ಪ್ರತಿ ಅಗ್ಗವೇ. ಮೊದಲ ಅಚ್ಚಿನದು ಸಿಕ್ಕರೆ ಕತೆ ಬೇರೆ ಬಿಡಿ.

ಮೂರನೇಸರದಿ:

ಕಾಮನ್ ಹುಡುಕಿ ಶ್ರೀಮಂತರಾದವರನ್ನು ನಾನಂತೂ ನೋಡಿಲ್ಲ. ಹಳೇ ಬೂಸ್ಟರಿನ (ಕಾರ್ಡು ಮಾರುವ ಮುಚ್ಚಿದ ಪೊಟ್ಟಣದ) 15 ಕಾರ್ಡಿನಲ್ಲಿ 11 ಕಾಮನ್ ಇರುತ್ತಿದ್ದವು. ಹಾಗಿದ್ದ ಮೇಲೆ ಪೆಟ್ಟಿಗೆಯಲ್ಲಿ ಬಹುಪಾಲು ಬಲ್ಕೇ, ಅಂದರೆ ರಾಶಿ ಲೆಕ್ಕದಲ್ಲಿ ಮಾರುವ ಅಗ್ಗದ್ದೇ ಇರುತ್ತದೆ, ಅಲ್ವಾ? ಹಳೆಯವು, ಹೊಳೆಯುವ ಫಾಯಿಲ್‌ಗಳು, ಪಾಪರ್‌ನಲ್ಲಿ ಓಡುವವು, ಇಷ್ಟು ತೆಗೆದು ಉಳಿದದ್ದು ಸಾಗಹಾಕಿ. ಪಾಪರ್ ಅಂದರೆ ಒಮ್ಮೆಯಾದರೂ ಕಾಮನ್ ಆಗಿ ಬಂದ ಕಾರ್ಡುಗಳಿಂದಲೇ ಆಡುವ ಆಟ. ಆನ್‌ಲೈನಿಗೂ ಕಾಗದದ ಕಾರ್ಡಿಗೂ 2019ರಲ್ಲಿ ಆಡಬಹುದಾದ ಕಾರ್ಡುಗಳ ಒಂದೇ ಪಟ್ಟಿ ಆಯಿತು. ಅಲ್ಲಿ ಓಡುವುದು ಒಂದೇ ಥರದ್ದು ನಾಲ್ಕು ಸಿಕ್ಕರೆ ಒಟ್ಟಿಗೇ ಇಡಿ. ಬಿಡಿಯಾಗಿ ಯಾರೂ ಕೇಳುವುದಿಲ್ಲ, ನಾಲ್ಕಿದ್ದರೆ ಕೇಳುತ್ತಾರೆ.

ಹಳೇಕಟ್ಟು:

ಹಣದ ಲೆಕ್ಕಕ್ಕೆ ನಿಮ್ಮ ಮಾತು ಸರಿ. ಆದರೆ ಅವರು ಚಿತ್ರ ಇಷ್ಟ ಅಂದಿದ್ದಾರಲ್ಲ, ಅದಕ್ಕೇ ಇನ್ನೊಂದು ಮಾತು.

ನಿಧಾನಿ, ಪೆಟ್ಟಿಗೆಯಲ್ಲಿ ಫಾಲನ್ ಎಂಪೈರ್ಸ್ ಇದೆಯಾ ನೋಡಿ. 1994ರ ಸೆಟ್ಟು. ಮಿತಿಮೀರಿ ಅಚ್ಚು ಹಾಕಿದ್ದರಿಂದ ಇವತ್ತಿಗೂ ಅಗ್ಗ. ಅದರಲ್ಲಿ ಬೇರೆ ಬೇರೆ ಕಾರ್ಡು 102, ಚಿತ್ರಗಳ ಲೆಕ್ಕ ಹಿಡಿದರೆ 187. ಯಾಕೆಂದರೆ ಹೆಚ್ಚುಕಮ್ಮಿ ಎಲ್ಲಾ ಕಾಮನ್‌ಗೂ ಮೂರು ಇಲ್ಲವೇ ನಾಲ್ಕು ಚಿತ್ರ. ಹಿಮ್ ಟು ಟೂರಾಕ್‌ಗೆ ನಾಲ್ಕು, ನಾಲ್ಕೂ ಬೇರೆ ಬೇರೆ ಕಲಾವಿದರದ್ದು. (ಪಾಪರ್‌ನಲ್ಲಿ ಅದಕ್ಕೆ ನಿಷೇಧ. ಕಾಮನ್ ಅಂದರೆ ಬಡಪಾಯಿ ಕಾರ್ಡು ಅಂದುಕೊಂಡವರಿಗೆ ಇದನ್ನು ತೋರಿಸಬೇಕು.)

ನಾನು ಈ ಸೆಟ್ಟಿನ ಕಾಮನ್‌ಗಳನ್ನೇ ಕೂಡಿಸುತ್ತೇನೆ. ಒಂಬತ್ತು ಜೇಬಿನ ಹಾಳೆಯಲ್ಲಿ ಮೂರು ಚಿತ್ರದವು ಒಂದೊಂದು ಸಾಲಿಗೆ ಚೆನ್ನಾಗಿ ಕೂರುತ್ತವೆ. ನಾಲ್ಕನೆಯದು ಕೆಳಗಿನ ಸಾಲಿಗೆ ಜಾರಿ, ಅಲ್ಲಿಂದ ಮುಂದೆ ಎಲ್ಲಾ ಅಡ್ಡಾದಿಡ್ಡಿ. ಹನ್ನೆರಡು ಜೇಬಿನ ಬೈಂಡರ್‌ಗೆ ಹೋದರೆ ಮೂರು ಚಿತ್ರದ ಸಾಲಿನ ಕೊನೆಗೆ ಒಂದು ಜೇಬು ಖಾಲಿ. ನಾನು ಹನ್ನೆರಡರದ್ದೇ ಇಟ್ಟುಕೊಂಡಿದ್ದೇನೆ, ಖಾಲಿ ಇರಲಿ ಅಂತ. ಕಂಡವರೆಲ್ಲ "ಇಲ್ಲಿ ಒಂದು ಕಮ್ಮಿ ಇದೆಯಲ್ಲ" ಅನ್ನುತ್ತಾರೆ. ಹೇಳಿ ಹೇಳಿ ಸಾಕಾಗಿದೆ.

ನಿಧಾನಿ:

ಮೊದಲ ಪೆಟ್ಟಿಗೆಯ ಅರ್ಧದಲ್ಲೇ ಒಂದು ಮಿಸ್ಟಿಕ್ ರೆಮೋರಾ ಸಿಕ್ಕಿತು! ಆದರೆ ಸ್ಲೀವ್ (ಪ್ಲಾಸ್ಟಿಕ್ ಕವರ್) ಇಲ್ಲದೇ ಆಡಿದ್ದಾನೆ ಮಹರಾಯ. ಹಿಂಬದಿಯ ಅಂಚಿನಲ್ಲಿ ಸುತ್ತಲೂ ಬಿಳಿ ಚುಕ್ಕೆ, ಎರಡು ಮೂಲೆ ಸವೆದು ಕಾಗದ ಕಾಣುತ್ತಿದೆ. ಸ್ವಲ್ಪ ಬಾಗಿಯೂ ಇದೆ. ಏನಾದರೂ ಮಾಡಬಹುದಾ?

ಹಳೇಕಟ್ಟು:

ಬಾಗಿದ್ದಕ್ಕೆ ಮಾಡಬಹುದು. ಸ್ಲೀವ್ ಹಾಕಿ, ಮೇಲೆ ಭಾರದ ಪುಸ್ತಕ ಇಟ್ಟು ಮರೆತುಬಿಡಿ. ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿ, ಮೇಲ್ಮೈಯಲ್ಲಿ ಗೆರೆ ಮುರಿದಂತೆ ಕಂಡರೆ ಅದು ಬಾಗು ಅಲ್ಲ, ಮಡಿಕೆ. ಅದು ಹೋಗುವುದಿಲ್ಲ.

ಬಿಳಿ ಅಂಚಿಗೆ ಕಪ್ಪು ಪೆನ್ ಹಚ್ಚಲು ಮಾತ್ರ ಹೋಗಬೇಡಿ. ಸವೆದ ಕಾರ್ಡಿಗೆ ಒಂದು ಬೆಲೆ ಅಂತ ಇದೆ. ಬಣ್ಣ ಹಚ್ಚಿದ್ದು ಗೊತ್ತಾದರೆ ಕೊಳ್ಳುವವರು ಅದನ್ನು ಹಾಳಾದ ಕಾರ್ಡಿನ ಲೆಕ್ಕಕ್ಕೇ ಹಾಕುತ್ತಾರೆ. ಬೈಂಡರ್ ಕೊಳ್ಳುವಾಗ ಪಿವಿಸಿ ಇಲ್ಲದ ಹಾಳೆಯದ್ದು ಕೇಳಿ, ಪಿವಿಸಿ ಹಾಳೆ ವರ್ಷಗಟ್ಟಲೆ ಅಂಟಿಕೊಂಡಿದ್ದರೆ ಕಾರ್ಡಿನ ಮೇಲ್ಮೈ ಕೆಡುತ್ತದೆ.

ಇನ್ನೊಂದೂವರೆ ಪೆಟ್ಟಿಗೆ ಇದೆಯಲ್ಲ, ಮುಗಿಯುವ ತನಕ ಅಣ್ಣನಿಗೆ ಏನೂ ಹೇಳಬೇಡಿ. ಹಿಮ್ ಟು ಟೂರಾಕ್‌ನ ನಾಲ್ಕು ಚಿತ್ರಗಳಲ್ಲಿ ಯಾವುದು ಸಿಕ್ಕರೂ ಫೋಟೋ ಹಾಕಿ. ನಿಮಗೆ ಕಮ್ಮಿ ಬಿದ್ದದ್ದು ನನ್ನ ಹತ್ತಿರ ಜಾಸ್ತಿ ಇದ್ದರೆ ಕಳಿಸುತ್ತೇನೆ.